ಹಬ್ಬದ ವಾರದ ರಕ್ತ

ಕೆಳಕೇರಿಯವರ ರಕ್ತವನ್ನು ಬ್ಲೀಚಿಂಗ್ ನೀರು ಬೆರೆಸಿ ಪ್ರಯೋಗಾಲಯದ ಸಿಂಕಿಗೆ ಸುರಿದರು. ಮೈಕಿನವನು ಹಲೋ ಹಲೋ ಒಂದು ಎರಡು ಅನ್ನುತ್ತಿದ್ದಾನೆ, ಶಾಮಿಯಾನದ ಹಸಿರು ಹಳದಿ ಬಟ್ಟೆ ಗಾಳಿಗೆ ಉಬ್ಬಿ ಕುಸಿಯುತ್ತಿದೆ, ನನ್ನ ತೊಡೆಯ ಮೇಲೆ ತಿಂಡಿಯ ರಟ್ಟಿನ ಡಬ್ಬಿ, ಅದರೊಳಗೆ ಬಾಳೆಲೆಯಲ್ಲಿ ಸುತ್ತಿದ ಅಂಟಕ್ಕಿ, ಹುರಿದ ಕಡಲೆಕಾಯಿ, ಮೇಲೆ ಪ್ಲಾಸ್ಟಿಕ್ ಹಾಳೆ ಬಿಗಿದ ಪುಟ್ಟ ಲೋಟದಲ್ಲಿ ನೀರು, ಆ ನೀರು ಅಲುಗಿದರೆ ಸಾಕು ಸಿಂಕು ಕಣ್ಣಿಗೆ ಬರುತ್ತದೆ, ಕೆಂಪಲ್ಲ, ರಕ್ತ ಅಂದರೆ ಕೆಂಪು ಅಂದುಕೊಳ್ಳುತ್ತಾರೆ ಜನ, ಕೆಂಪೆಲ್ಲ ತಳಕ್ಕೆ ಕೂತ ಮೇಲೆ ಉಳಿಯುವುದು ಒಣಹುಲ್ಲಿನ ಬಣ್ಣದ ತಿಳಿ, ಪರೀಕ್ಷೆಗೆ ಬೇಕಾದ್ದು ಅದೇ, ಅದನ್ನೇ ಪ್ರೊಫೆಸರ್ ಸುಲಿಸ್ತ್ಯೋ ಕೈಗವಸು ತೊಟ್ಟು, ಒಂದೊಂದೇ ಕೊಳವೆಯ ಮುಚ್ಚಳ ತೆಗೆದು, ಯಾವುದೋ ಹಳೇ ಹಾಡು ಗುನುಗುತ್ತಾ, ಕುಂಡದ ಗಿಡಕ್ಕೆ ನೀರು ಹಾಕುವವರ ಹಾಗೆ ಸುರಿದರು — ಕರೆಂಟು ಹೋಗಿತ್ತಲ್ಲ ವೆನಿಂಗ್, ಫ್ರಿಜ್ಜು ಬೆಚ್ಚಗಾಗಿ ಎಲ್ಲ ಕೆಟ್ಟಿದೆ, ಕೆಟ್ಟ ರಕ್ತ ಇಟ್ಕೊಂಡು ಏನ್ ಮಾಡ್ತೀಯಮ್ಮ — ಕರೆಂಟು ಹೋಗಿರಲಿಲ್ಲ, ಹೋಗಿದ್ದರೂ ಮೇಲ್ಕೇರಿಯವರ ಕೊಳವೆಗಳು ಅದೇ ಫ್ರಿಜ್ಜಿನಲ್ಲಿ ಅದೇ ತಟ್ಟೆಯ ಮೇಲೆ ಇದ್ದವು, ಅವು ಕೆಡಲಿಲ್ಲ, ಒಂದೇ ಫ್ರಿಜ್ಜಿನಲ್ಲಿ ಅರ್ಧ ಕೆಟ್ಟು ಅರ್ಧ ಉಳಿಯುವುದಕ್ಕೆ ರಕ್ತಕ್ಕೂ ಕೇರಿ ಗೊತ್ತಿರುತ್ತದೆಯೇ. ಗೊತ್ತಿರುತ್ತದೆ, ನಮ್ಮ ದೇಶದಲ್ಲಿ ಎಲ್ಲಕ್ಕೂ ಕೇರಿ ಗೊತ್ತಿರುತ್ತದೆ. ಇವತ್ತಿನ ಆಮಂತ್ರಣಕ್ಕೂ ಗೊತ್ತಿತ್ತು, ಕೆಳಕೇರಿಯವರಿಗೆ ಹೋಗಲಿಲ್ಲ. ಸಿಂಬೊಕ್ ಆಗಲೇ ವೇದಿಕೆಯ ಮೇಲಿದ್ದಾಳೆ, ನನ್ನ ತಾಯಿ, ಪಟ್ಟೆಪಟ್ಟೆಯ ಹಳೇ ರವಿಕೆ ತೊಡಿಸಿ ಬೆನ್ನಿಗೆ ಬಟ್ಟೆಯಿಂದ ಬುಟ್ಟಿ ಬಿಗಿದು ಕೂರಿಸಿದ್ದಾರೆ, ಬೇರು ಎಲೆ ಕುದಿಸಿದ ಕಷಾಯ, ನಮ್ಮ ಜಾಮೂ, ಅದನ್ನು ಹೊತ್ತು ಬೀದಿ ಬೀದಿ ಮಾರುತ್ತಿದ್ದಾಗ ಇದ್ದ ಹಾಗೆಯೇ, ಆದರೆ ಬುಟ್ಟಿಯ ಬಾಟಲಿಗಳಲ್ಲಿ ಇವತ್ತು ಜಾಮೂ ಇಲ್ಲ, ಫೋಟೋದಲ್ಲಿ ಚೆನ್ನಾಗಿ ಕಾಣಲಿ ಅಂತ ಬಣ್ಣದ ನೀರು ತುಂಬಿದ್ದಾರೆ. ಅವಳ ಬಲಗೈ ಮುಷ್ಟಿಯಲ್ಲಿ ಕೊಲೆಸ್ಟ್ರಾಲ್ ಮಾತ್ರೆಯ ಪಟ್ಟಿ. ಮುಂದೆ ಖಾಲಿ ಬಿದಿರು ಮೊರ, ಮೊರಕ್ಕೆ ಹೂವು ಸಿಕ್ಕಿಸಿದ್ದಾರೆ. ನನ್ನ ಹೆಸರು ಕೂಗುತ್ತಾರೆ, ನಾನು ಹತ್ತಿ ಹೋಗಿ ಹೇಳಬೇಕು, ಇವತ್ತಿನಿಂದ ಸಾರಿಗೆ ಹಾಕುವ ಸಲಾಂ ಮರದ ಎಲೆಯ ಕಷಾಯ ಒಂದೇ ಸಾಕು, ಮಾತ್ರೆ ಬೇಡ ಅಂತ, ಹೇಳಿದ ತಕ್ಷಣ ಸಿಂಬೊಕ್ ಮಾತ್ರೆಗಳನ್ನು ಮೊರಕ್ಕೆ ಹಾಕುತ್ತಾಳೆ, ಅವಳ ಹಿಂದೆ ಮೇಲ್ಕೇರಿಯವರೆಲ್ಲ ಸಾಲಾಗಿ ಬಂದು ಹಾಕುತ್ತಾರೆ, ಡೋಲು ಬಾರಿಸುತ್ತಾರೆ, ಎಲೆಯನ್ನು ಮಾರಲಿರುವ ಕಂಪನಿಯ ಹಸಿರು ಪೊಟ್ಟಣ ಹಂಚುತ್ತಾರೆ. ನಾನು ಒಂದು ಮಾತು ಹೇಳಬೇಕು, ಅಷ್ಟೇ. ಒಂದು ಮಾತಿಗೆ ನನ್ನ ತಾಯಿಯ ಹೃದಯ.

ಅಂಟಕ್ಕಿ ತಿನ್ನಬೇಕು ಅನ್ನಿಸುವುದಿಲ್ಲ, ಬಾಳೆಲೆಯ ವಾಸನೆ ಮೂಗಿಗೆ ಬಂದರೆ ಹಬ್ಬ ನೆನಪಾಗುತ್ತದೆ, ಹಬ್ಬವೇ ಎಲ್ಲಕ್ಕೂ ಮೂಲ, ತಿಂಗಳ ಉಪವಾಸ ಮುಗಿದು ಲೆಬರಾನ್ ಬಂದರೆ ನಮ್ಮೂರು ಉಣ್ಣುವುದಿಲ್ಲ, ಮುಕ್ಕುತ್ತದೆ, ತೆಂಗಿನ ಹಾಲಿನಲ್ಲಿ ಕೊತಕೊತ ಬೆಂದ ಕೋಳಿ, ಗರಿ ಹೆಣೆದ ಪೊಟ್ಟಣದಲ್ಲಿ ಬೇಯಿಸಿದ ಅನ್ನದ ಕಡುಬು, ದನದ ಚರ್ಮದ ಖಾರದ ಪಲ್ಯ, ಮರುದಿನ ಬಿಸಿ ಮಾಡಿದ ಅದೇ ಕೋಳಿ, ಅದರ ಮರುದಿನ ಎಣ್ಣೆ ಮೇಲೆ ಬಂದು ನಿಂತ ಅದೇ ಕೋಳಿ, ಯಾರ ಮನೆಗೆ ಹೋದರೂ ತಿನ್ನದೆ ಎದ್ದರೆ ಮುನಿಸು, ತಿಂದರೆ ಇನ್ನೊಂದು ಸೌಟು. ಹಬ್ಬ ಆದ ವಾರ ಊರಿಗೆ ಊರೇ ಈ ಅಂಗಳದಲ್ಲಿ ಸೇರುತ್ತದೆ, ಜಕಾರ್ತಕ್ಕೆ ದುಡಿಯಲು ಹೋದವರೂ ಇರುತ್ತಾರೆ, ಸಾಲಾಗಿ ನಿಂತು ಒಬ್ಬರ ಕೈ ಒಬ್ಬರು ಹಿಡಿದು ಒಳಗಿನ ತಪ್ಪು ಹೊರಗಿನ ತಪ್ಪು ಎರಡೂ ಮನ್ನಿಸಿ ಅನ್ನುತ್ತಾರೆ. ಪ್ರೊಫೆಸರ್ ರಕ್ತ ತೆಗೆಯುವುದೂ ಅವತ್ತೇ ಅಂದರು, ಅವತ್ತಾದ್ರೆ ಎಲ್ರೂ ಒಂದೇ ಕಡೆ ಸಿಗ್ತಾರೆ, ಮನೆಮನೆ ಬಾಗಿಲು ತಟ್ಟೋ ಕೆಲಸ ಇಲ್ಲ, ಯಾರಿಗೂ ವಿಚಿತ್ರ ಅನ್ನಿಸಲಿಲ್ಲ, ನಮ್ಮಲ್ಲಿ ಮದುವೆಗೂ ಮೀಟಿಂಗಿಗೂ ಜಗಳ ತೀರ್ಮಾನಕ್ಕೂ ಜನ ಬೇಕಿದ್ದರೆ ಹಬ್ಬದ ವಾರವೇ, ಹಾಗಾಗಿ ಕ್ಷಮೆ ಕೇಳುವ ಸಾಲು ಮುಗಿದ ಕಡೆಯಲ್ಲೇ ರಕ್ತ ಕೊಡುವ ಸಾಲು ಶುರುವಾಯಿತು, ಕ್ಷಮೆ ಕೇಳಿದ ಕೈಯ ತೋಳನ್ನೇ ಮಡಚಿ ಸೂಜಿಗೆ ಚಾಚಿದರು. ಕೆಳಕೇರಿಯ ಎಂಬಾ ಪೋನಿರಿನ್, ಎಂಬಾ ಅಂದರೆ ನಮ್ಮಲ್ಲಿ ಅಜ್ಜ, ಹೊಳೆಯಲ್ಲಿ ಮರಳು ತೆಗೆದು ತೆಗೆದು ಬೆನ್ನು ಬಿಲ್ಲಾದ ಅಜ್ಜ, ಖಾಲಿ ಹೊಟ್ಟೆಯಲ್ಲಿ ಬನ್ನಿ ಅಂದದ್ದಕ್ಕೆ ನನ್ನನ್ನೇ ಹಿಡಿದುಕೊಂಡ, ಅಲ್ಲ ಕಣಮ್ಮ, ತಿಂಗಳಿಡೀ ಉಪವಾಸ ಮಾಡಿ ಮೊನ್ನೆ ತಾನೇ ಬಾಯಿ ಬಿಚ್ಚಿದ್ದೀವಿ, ಮತ್ತೆ ಉಪವಾಸ ಅಂತೀಯಲ್ಲ, ನಿಮ್ಮ ಯೂನಿವರ್ಸಿಟಿ ದೇವರಿಗಿಂತ ಕಟ್ಟುನಿಟ್ಟಾಯ್ತು ಬಿಡು, ಸಾಲೆಲ್ಲ ಕಿಸಕ್ಕೆಂದಿತು, ಮೇಲ್ಕೇರಿಯ ಹೆಂಗಸೊಬ್ಬಳು ಹಿಂದಿನಿಂದ, ನಿಮ್ಮೋರ್ಗೆ ಚುಚ್ಚಿದ್ರೆ ರಕ್ತ ಎಲ್ಲಿ ಬರತ್ತೆ ಅಜ್ಜ, ಮರಳು ಬರತ್ತೆ, ಅಂದಳು, ಆತ ತಿರುಗಿ ನೋಡದೆಯೇ, ಹೌದವ್ವಾ, ನೀನು ಮನೆ ಕಟ್ಟಿಸಿದ್ದೂ ಅದ್ರಲ್ಲೇ, ಇವತ್ತು ಮಾತ್ರ ಮರಳು ಬರಲ್ಲ, ಕೋಳಿ ಸಾರು ಬರತ್ತೆ, ಮಗಳು ಇನ್ನೊಂದು ಸೌಟು ಹಾಕ್ಲಾ ಹಾಕ್ಲಾ ಅಂತ ವಾರದಿಂದ ಕೊಲ್ತಾ ಇದ್ದಾಳೆ. ಕೋಳಿ ಸಾರು ಬರುತ್ತದೆ. ಎಲ್ಲರೂ ನಕ್ಕೆವು, ನಾನೂ ನಕ್ಕೆ, ನಗುವಿನೊಳಗೆ ಇಡೀ ಪ್ರಯೋಗದ ತೀರ್ಪು ಕೂತಿತ್ತು, ಯಾರೂ ಕೇಳಿಸಿಕೊಳ್ಳಲಿಲ್ಲ.

ಮೈಕು ಕೀಂಯ್ ಅಂದಿತು, ಮುಂದಿನ ಸಾಲಿನವರು ಕಿವಿ ಮುಚ್ಚಿಕೊಂಡರು, ಊರಿನ ಮುಖ್ಯಸ್ಥ ಎದ್ದು ಭಾಷಣ ಶುರು ಮಾಡಿದ್ದಾನೆ, ನಮ್ಮ ಎಲೆ ನಮ್ಮ ನೆಲ ನಮ್ಮ ಅಜ್ಜಿಯರು, ಅಜ್ಜಿಯರು ಅಂದಾಗಲೆಲ್ಲ ಸಿಂಬೊಕ್ ಕಡೆ ಕೈ ತೋರಿಸುತ್ತಾನೆ, ಅವಳು ತಲೆ ಬಗ್ಗಿಸುತ್ತಾಳೆ, ಬುಟ್ಟಿ ಭಾರಕ್ಕೆ ಭುಜ ಒಂದು ಕಡೆ ಜಗ್ಗಿದೆ, ಯಾರಾದರೂ ಅದನ್ನು ಇಳಿಸಬಾರದೇ. ಎಲೆ ಸುಳ್ಳಲ್ಲ, ನಾನು ಎಲೆಯ ಮೇಲೆ ಆಣೆ ಇಟ್ಟು ಹೇಳಬಲ್ಲೆ, ಇಲಿಗಳಲ್ಲಿ ಕೊಲೆಸ್ಟ್ರಾಲ್ ಇಳಿದಿತ್ತು, ಬಾತುಕೋಳಿ ಮೊಟ್ಟೆಯ ಹಳದಿ ಭಾಗ, ಮೇಕೆಯ ಕೊಬ್ಬು, ದಿನಾ ಕೊಳವೆಯಲ್ಲಿ ಗಂಟಲಿಗೆ ಇಳಿಸಿ ಬಿಳಿ ಇಲಿಗಳ ರಕ್ತ ಹಾಲಿನಷ್ಟು ಮಂದವಾಗಿಸಿ, ಆಮೇಲೆ ಎಲೆಯ ಸಾರ ಕೊಟ್ಟರೆ ಇಳಿಯುತ್ತಿತ್ತು, ಬರೀ ನೀರು ಕುಡಿದ ಇಲಿಗಳಿಗಿಂತ ಚೆನ್ನಾಗಿಯೇ ಇಳಿಯುತ್ತಿತ್ತು, ಆದರೆ ಇಲಿಗೆ ಕೊಟ್ಟ ಲೆಕ್ಕವನ್ನು ಮನುಷ್ಯನಿಗೆ ಹಾಕಿದರೆ ದಿನಕ್ಕೊಂದು ಬುಟ್ಟಿ ಎಲೆ, ಹಸಿರು ಪೊಟ್ಟಣದಲ್ಲಿ ಇರುವುದು ಒಂದು ಚಿಟಿಕೆ. ಅದಕ್ಕೇ ಮನುಷ್ಯರಲ್ಲಿ ನೋಡಬೇಕಿತ್ತು, ಸರಿಯಾಗಿ ನೋಡಬೇಕಿತ್ತು, ನಾನೇ ಪಟ್ಟು ಹಿಡಿದೆ, ಮೇಲ್ಕೇರಿಗೆ ಕಷಾಯ, ಕೆಳಕೇರಿಗೆ ತಾಳೆಬೆಲ್ಲದ ಬಣ್ಣ ಕೊಟ್ಟು ಪಾಂಡನ್ ಎಲೆ ಹಾಕಿ ಘಮ ಬರಿಸಿದ ಬರೀ ನೀರು, ಎರಡರಲ್ಲಿ ಒಂದು ಮದ್ದು ಒಂದು ನೀರು, ಯಾರಿಗೆ ಯಾವುದು ಅಂತ ಕೊನೆಗೆ ಹೇಳ್ತೀವಿ ಅಂತ ಹೇಳಿಯೇ ಕೊಟ್ಟದ್ದು, ಕೊನೆಗೆ ಹೇಳುತ್ತೇವೆ ಅಂತ ಮಾತು ಕೊಟ್ಟದ್ದು ನಾನು, ಅವರೆಲ್ಲ ಹೂಂ ಅಂದರು. ಹೂಂ. ನಮ್ಮಲ್ಲಿ ದೊಡ್ಡವರಿಗೆ, ಓದಿದವರಿಗೆ, ಶೂ ಹಾಕಿ ಬಂದವರಿಗೆ ಇಲ್ಲ ಅನ್ನುವ ಮಾತೇ ನಾಲಿಗೆಗೆ ಬರುವುದಿಲ್ಲ, ಹೂಂ ಅನ್ನುತ್ತೇವೆ, ಆಮೇಲೆ ಮಾಡುವುದಿಲ್ಲ, ದಿನಾ ಕುಡಿದಿರಾ ಅಂದರೆ ಹೂಂ, ಕಾಲು ಹಗುರಾಯಿತಾ ಅಂದರೆ ಹೂಂ, ಎಂಬಾ ಪೋನಿರಿನ್ ಅಂತೂ ಬೆಲ್ಲದ ನೀರು ಕುಡಿದು, ಕಾಲಷ್ಟೇ ಅಲ್ಲಮ್ಮ, ನಮ್ಮವಳ ಬೈಗುಳಾನೂ ಈಗ ಹಗುರ ಅನ್ಸತ್ತೆ, ಅಂದಿದ್ದ. ಬಾಯಿ ಹೂಂ ಅನ್ನುತ್ತದೆ, ಅದಕ್ಕೇ ರಕ್ತವನ್ನು ಕೇಳಬೇಕು, ರಕ್ತಕ್ಕೆ ಮರ್ಯಾದೆ ಗೊತ್ತಿಲ್ಲ, ರಕ್ತ ಯಾರಿಗೂ ಕೈ ಮುಗಿಯುವುದಿಲ್ಲ, ಆ ಒಂದು ಕಾರಣಕ್ಕೇ ನಾನು ಈ ವಿದ್ಯೆಯನ್ನು ನಂಬಿದ್ದು. ಕುಡಿಸಿ ಮುಗಿದ ಮೇಲೆ ಎರಡನೇ ಸಲ ರಕ್ತ ತೆಗೆದೆವು, ಯಂತ್ರದ ಪರದೆಯ ಮೇಲೆ ಮೇಲ್ಕೇರಿಯ ಅಂಕಿಗಳು ಇಳಿದು ಬಂದಾಗ ಪ್ರೊಫೆಸರ್ ನನ್ನ ಭುಜ ತಟ್ಟಿದರು, ಚಾ ತರಿಸಿದರು, ಚಾ ತಣ್ಣಗಾಗುವ ಮೊದಲೇ ಕೆಳಕೇರಿಯದ್ದು ಬಂತು. ಅದೂ ಇಳಿದಿತ್ತು. ಅಷ್ಟೇ ಇಳಿದಿತ್ತು. ಕಷಾಯ ಕುಡಿದವರದೂ ಬೆಲ್ಲದ ನೀರು ಕುಡಿದವರದೂ ಒಂದೇ ಸಮ, ಯಾಕಂದರೆ ಇಳಿದದ್ದು ಎಲೆಯಿಂದಲ್ಲ, ಹಬ್ಬ ಮುಗಿದದ್ದರಿಂದ, ಕೋಳಿ ಸಾರು ಖಾಲಿಯಾಗಿ ಜನ ಮತ್ತೆ ಅನ್ನ, ಸೊಪ್ಪು, ಹುರಿದ ಸೋಯಾ ತುಂಡಿಗೆ ಬಂದಿದ್ದರು, ಮೊದಲ ರಕ್ತ ಹಬ್ಬದ ರಕ್ತ, ಎರಡನೆಯದು ದಿನನಿತ್ಯದ ರಕ್ತ, ನಡುವೆ ಏನು ಕುಡಿಸಿದ್ದರೂ, ಹೊಳೆ ನೀರು ಕುಡಿಸಿದ್ದರೂ, ಇಳಿಯುತ್ತಿತ್ತು. ನಾನು ಹೇಳಿದೆ, ಪ್ರೊಫ್, ಇದು ಲೆಬರಾನ್, ಮತ್ತೆ ಮಾಡಬೇಕು, ಹಬ್ಬ ಇಲ್ಲದ ತಿಂಗಳಲ್ಲಿ. ಅಷ್ಟು ಹೊತ್ತಿನವರೆಗೆ ಅದು ಬರೀ ತಪ್ಪು, ಯಾರ ಮೇಲೂ ಸಿಟ್ಟು ಬೇಕಿರಲಿಲ್ಲ, ತಿದ್ದಿದ್ದರೆ ಮುಗಿಯುತ್ತಿತ್ತು. ಪ್ರೊಫೆಸರ್ ಕಿಟಕಿ ಕಡೆ ನೋಡಿದರು, ನೋಡಿ, ಮತ್ತೆ ಅಂದ್ರೆ ಯಾವಾಗಮ್ಮ, ಕಂಪನಿಯವರು ಪೊಟ್ಟಣಕ್ಕೆ ಬಣ್ಣ ಆರಿಸಿ ಆಯ್ತು, ಅಂದರು, ಮೆತ್ತಗೆ, ಅವರು ಎಂದೂ ದನಿ ಏರಿಸುವವರಲ್ಲ, ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಮಾತು, ವೆನಿಂಗ್, ನೀನು ಜಾಮೂ ಮಾರೋಳ ಮಗಳು, ನಿನಗೇ ಜಾಮೂ ಗೆಲ್ಲೋದು ಬೇಡ್ವಾ, ಪರದೇಶದ ಮಾತ್ರೆ ಮುಂದೆ ನಮ್ಮ ಅಜ್ಜಿಯರ ಎಲೆ ಸೋಲಬೇಕಾ. ಮರುದಿನ ಬೆಳಿಗ್ಗೆ ನಾನು ಹೋಗುವಷ್ಟರಲ್ಲಿ ಕೈಗವಸು, ಹಾಡು, ಸಿಂಕು, ಎರಡೂ ಸಲದ ರಕ್ತ ಹೋಯಿತು, ಕೆಟ್ಟ ರಕ್ತದ ಅಂಕಿಯನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ, ಮತ್ತೆ ನೋಡೋಣ ಅಂದರೆ ರಕ್ತವೂ ಇಲ್ಲ.

ಅಜ್ಜಿಯರ ಹೆಸರು ಹೇಳಿಕೊಂಡು ಅಜ್ಜಿಯರನ್ನೇ ಮೊರಕ್ಕೆ ಹಾಕಿ ಕೇರುವುದು. ನಮ್ಮ ಮನೆಗಳಲ್ಲಿ ಹಬ್ಬದ ಬಿಸ್ಕತ್ತಿನ ಡಬ್ಬಿ ತೆರೆದರೆ ಒಳಗೆ ಅಕ್ಕಿ ಸಂಡಿಗೆ ಇರುತ್ತದೆ, ಡಬ್ಬಿಯ ಮೇಲೆ ಬಿಸ್ಕತ್ತಿನ ಚಿತ್ರ ಥಳಥಳ, ಚಿಕ್ಕಂದಿನಲ್ಲಿ ನಾನು ಅತ್ತಿದ್ದೆ ಮೋಸ ಹೋಗಿ, ಸಿಂಬೊಕ್ ನಕ್ಕಿದ್ದಳು, ಅಳ್ತೀಯಾಕೆ ಗೆಂಡುಕ್, ಸಂಡಿಗೆ ಅಂದ್ಕೊಂಡು ತಿನ್ನು, ಸಂಡಿಗೆ ಕೆಟ್ಟದ್ದಾ, ಗೆಂಡುಕ್, ಪುಟ್ಟಿ, ಇಷ್ಟು ವಯಸ್ಸಾದರೂ ನನ್ನನ್ನು ಕರೆಯುವುದು ಹಾಗೆಯೇ. ಸಂಡಿಗೆ ಕೆಟ್ಟದ್ದಲ್ಲ ಸಿಂಬೊಕ್, ಡಬ್ಬಿ ಕೆಟ್ಟದ್ದು. ಹೋದ ವರ್ಷ ಸಂತೆ ಬೀದಿಯಲ್ಲಿ, ಬೆನ್ನ ಮೇಲೆ ತುಂಬಿದ ಬುಟ್ಟಿ, ಒಬ್ಬಳಿಗೆ ಅರಿಶಿನ ಹುಣಸೆಯ ಜಾಮೂ ಬಗ್ಗಿಸಿ ಕೊಡುತ್ತಿದ್ದವಳು ಎದೆ ಹಿಡಿದುಕೊಂಡು ಮೆಲ್ಲಗೆ ಕೂತಳಂತೆ, ಬೀಳಲಿಲ್ಲ, ಬಿದ್ದರೆ ಬಾಟಲಿ ಒಡೆಯುತ್ತವಲ್ಲ, ಗೋಡೆಗೆ ಒರಗಿ ಗಂಟು ಬಿಚ್ಚಿ ಬುಟ್ಟಿಯನ್ನು ನೆಲಕ್ಕಿಟ್ಟು ಆಮೇಲೆ ಮೂರ್ಛೆ ಹೋದಳು, ಆಸ್ಪತ್ರೆಯಲ್ಲಿ ಕಣ್ಣು ಬಿಟ್ಟವಳು ಮೊದಲು ಕೇಳಿದ್ದು ಒಂದೂ ಒಡೀಲಿಲ್ವಲ್ಲ ಅಂತ. ಡಾಕ್ಟರು ನನ್ನನ್ನು ಹೊರಗೆ ಕರೆದು ಹೇಳಿದರು, ರಕ್ತನಾಳ ಕಟ್ಟಿದೆ, ಕೊಬ್ಬು, ಈ ಮಾತ್ರೆ ಜೀವಮಾನವಿಡೀ, ಬಿಡೋ ಹಾಗಿಲ್ಲ, ಬಿಟ್ಟರೆ ಮುಂದಿನ ಸಲ ಕೂರುವಷ್ಟು ಪುರಸೊತ್ತು ಸಿಗಲ್ಲ. ಮಾತ್ರೆ ತಗೊಂಡರೆ ಅವಳಿಗೆ ತೊಡೆ ನೋವು, ಮೀನಖಂಡ ನೋವು, ಗೊಣಗುತ್ತಾಳೆ, ಜೀವಮಾನ ಎಲ್ಲ ನಡೆದವಳಿಗೆ ಕಾಲೇ ಇಲ್ಲದ ಹಾಗೆ ಮಾಡಿತಲ್ಲ ಈ ನಿನ್ನ ಮಾತ್ರೆ, ನೋವು ಸುಳ್ಳಲ್ಲ, ಡಾಕ್ಟರು ಮಾತ್ರೆ ಬದಲಿಸಿಕೊಡ್ತೀನಿ ಬನ್ನಿ ಅಂದಿದ್ದಾರೆ, ಇವಳು ಹೋಗುತ್ತಿಲ್ಲ, ಈ ಕಾರ್ಯಕ್ರಮ ಆಗಲಿ ಅಂತ ಕಾಯುತ್ತಿದ್ದಾಳೆ. ಇವತ್ತು ಬೆಳಿಗ್ಗೆ ನಾನು ಅವಳ ತುರುಬು ಕಟ್ಟುವಾಗ ಕನ್ನಡಿಯಲ್ಲಿ ನನ್ನನ್ನೇ ನೋಡುತ್ತಿದ್ದಳು. ಮಾತ್ರೆ ಮೊರಕ್ಕೆ ಹಾಕು ಅಂತ ಕಂಪನಿಯವ್ನು ಹೇಳ್ದ, ನಾನು ಕೇಳ್ಳಿಲ್ಲ, ಊರ ಮುಖ್ಯಸ್ಥ ಹೇಳ್ದ, ಅವ್ನು ಎಲ್ಲಾದಕ್ಕೂ ಹೇಳ್ತಾನೆ, ನಿನ್ನ ಪ್ರೊಫೆಸರ್ರು ಮನೆಗೇ ಬಂದು ಹೇಳಿದ್ರು, ಚಾ ಕೊಟ್ಟು ಕಳಿಸ್ದೆ. ನೀನು ಹೇಳು, ಅಲ್ಲಿ ಎಲ್ಲರ ಮುಂದೆ, ನನ್ನ ಹೊಟ್ಟೇಲಿ ಹುಟ್ಟಿ ಅಷ್ಟು ಓದಿದೋಳು ಹೇಳಿದ್ರೆ ಮಾತ್ರ ಹಾಕ್ತೀನಿ. ನಾನು ತುರುಬಿಗೆ ಪಿನ್ನು ಚುಚ್ಚುತ್ತಾ, ಸಿಂಬೊಕ್, ಬಿಡಬೇಡ ಅಂದರೆ, ಅಂದೆ. ಅವಳ ಮುಖ ಹೇಗಾಯಿತು, ಬೀದಿಯಲ್ಲಿ ಯಾರೋ ಬಾಟಲಿ ಮೂಸಿ ನೋಡಿ ಬೇಡ ಅಂದು ಹೋದಾಗ ಆಗುತ್ತಿತ್ತಲ್ಲ ಹಾಗೆ, ಅಂದ್ರೆ ನಾನು ಇಷ್ಟು ವರ್ಷ ಮಾರಿದ್ದೆಲ್ಲ ಕೊಚ್ಚೆ ನೀರಾ, ನೀನು ಓದಿದ್ದು ಅದ್ರಲ್ಲೇ ಅಲ್ವಾ ಗೆಂಡುಕ್, ನಿನ್ನ ಬಿಳಿ ಕೋಟು ಹೊಲಿಸಿದ್ದೂ ಅದ್ರಲ್ಲೇ. ಪಿನ್ನು ಕೊಂಕಾಗಿ ಕೂತಿತು, ಈಗಲೂ ಇಲ್ಲಿಂದ ಕಾಣುತ್ತದೆ, ಕೊಂಕಾಗಿಯೇ ಇದೆ. ಆರೋಗ್ಯ ಕೇಂದ್ರದ ಡಾಕ್ಟರನ್ನು ಕರೆದಿಲ್ಲ ಇವತ್ತು. ಕರೆಯುವುದಿಲ್ಲ. ಅವರಿದ್ದರೆ ಮೊರ ಕಿತ್ತೆಸೆಯುತ್ತಿದ್ದರು.

ಬೆನ್ನ ಹಿಂದೆ ಯಾರೋ ಕೆಮ್ಮಿದರು, ಹೊಗೆಸೊಪ್ಪಿನ ವಾಸನೆ, ತಿರುಗಿದರೆ ಶಾಮಿಯಾನದ ಹಗ್ಗದಾಚೆ ಬಿಸಿಲಲ್ಲಿ ಎಂಬಾ ಪೋನಿರಿನ್, ತಲೆಗೆ ಟೋಪಿ, ಹಬ್ಬಕ್ಕೆ ಹಾಕಿದ್ದ ಅದೇ ಅಂಗಿ, ಕೆಳಕೇರಿಯವರು ಇನ್ನೂ ನಾಲ್ಕೈದು ಜನ ಆತನ ಹಿಂದೆ, ಹಗ್ಗ ದಾಟದೆ ನಿಂತಿದ್ದಾರೆ, ಯಾರೂ ಬೇಡ ಅಂದಿಲ್ಲ, ಯಾರೂ ಬನ್ನಿ ಅಂದೂ ಇಲ್ಲ. ಒಳಗೆ ಬಾ ಎಂಬಾ, ಕುರ್ಚಿ ಇದೆ, ಅಂದೆ. ಬೇಡ ಬಿಡಮ್ಮ, ಕುರ್ಚಿಗೆ ನಮ್ಮ ಅಂಡು ಒಗ್ಗಲ್ಲ, ಅಂದು ನಕ್ಕ, ಆಮೇಲೆ ನಗು ಬಿಟ್ಟು, ಒಂದ್ ಕೇಳ್ಲಾ, ನಮ್ಮ ರಕ್ತ ಏನಾಯ್ತು. ಅಲ್ಲ, ಎರಡೂ ಸಲ ಕೊಟ್ವಲ್ಲ, ಕೊನೆಗೆ ಹೇಳ್ತೀವಿ ಅಂದಿದ್ರಿ, ಮೇಲಿನೋರಿಗೆ ಹೇಳಿದ್ರಂತೆ, ಹಾರ ಹಾಕ್ತಾರಂತೆ, ನಮಗೆ ಏನೂ ಹೇಳ್ಳಿಲ್ಲ, ನಮ್ಮವಳು ಅಂತಾಳೆ, ನಿಮ್ಮ ರಕ್ತ ಅಷ್ಟು ಹೊಲಸಾಗಿತ್ತು ಕಣ್ರೀ ಬಾಯಲ್ಲಿ ಹೇಳೋಕಾಗದೆ ಎಸೆದಿರ್ತಾರೆ ಅಂತ. ಆತ ಅದನ್ನು ತಮಾಷೆಯಾಗಿ ಹೇಳಿದ, ಹೇಳಿ ತೋಳನ್ನು ನೋಡಿಕೊಂಡ, ಸೂಜಿ ಚುಚ್ಚಿದ್ದ ಜಾಗವನ್ನು ಹೆಬ್ಬೆರಳಲ್ಲಿ ಉಜ್ಜಿದ, ಅಲ್ಲಿ ಈಗ ಗುರುತೂ ಇಲ್ಲ. ಕೆಟ್ಟಿತ್ತಾ ಮಗಳೇ. ಕೆಟ್ಟಿರಲಿಲ್ಲ ಎಂಬಾ, ಅಂದೆ, ನಿಮ್ಮದು ಕೆಟ್ಟಿರಲಿಲ್ಲ, ನಿಜ ಹೇಳಿದ್ದು ಅದೊಂದೇ, ಅದಕ್ಕೇ ಚೆಲ್ಲಿದರು. ಆತನಿಗೆ ಅರ್ಥವಾಯಿತೋ ಇಲ್ಲವೋ, ಚೆಲ್ಲಿದ್ರಾ, ಅಂದ, ಹಿಂದಿನವರ ಕಡೆ ತಿರುಗಿ, ಚೆಲ್ಲಿದ್ರಂತೆ ಕಣ್ರೋ, ಅಂದ, ಆ ಮಾತು ಹಗ್ಗದುದ್ದಕ್ಕೂ ಬಾಯಿಂದ ಬಾಯಿಗೆ ಹೋಯಿತು, ಚೆಲ್ಲಿದ್ರಂತೆ, ಚೆಲ್ಲಿದ್ರಂತೆ, ಯಾರೂ ಕೂಗಲಿಲ್ಲ, ಕೂಗಿದ್ದರೆ ಚೆನ್ನಾಗಿತ್ತು, ಒಬ್ಬಳು ಮಾತ್ರ, ಹಬ್ಬದ ವಾರ ಕೊಟ್ಟಿದ್ದಲ್ವಾ ಅಂದಳು, ಬೇರೆ ಯಾವ ದಿನ ಕೊಟ್ಟಿದ್ದರೂ ಚೆಲ್ಲಬಹುದಿತ್ತು ಅನ್ನುವ ಹಾಗೆ. ಸಾಕು. ಇಷ್ಟು ದಿನ ನಾನು ಯಾವುದಕ್ಕೆ ಕಾಯುತ್ತಿದ್ದೆ, ಯಾರೋ ದೊಡ್ಡವರು ಬಂದು ಸರಿ ಮಾಡುತ್ತಾರೆ ಅಂತಲೇ, ಚೆಲ್ಲಿದವರೇ ದೊಡ್ಡವರು, ಅವರ ಮೇಲೆ ಇನ್ಯಾರೂ ಇಲ್ಲ. ಪಕ್ಕದ ಕುರ್ಚಿಯ ಎಡ್ವಿನ್, ಕಂಪನಿಯವನು, ಸೂಟಿನ ಮೇಲೆ ಸೆಂಟು ಹೊಡೆದುಕೊಂಡವನು, ಬಗ್ಗಿ ಪಿಸುಗುಟ್ಟಿದ, ಡಾಕ್ಟರ್ ವೆನಿಂಗ್, ಸ್ವಲ್ಪ ನಗುಮುಖ ಇರಲಿ, ತಾಯಿ ಮಗಳು ಒಂದೇ ಫ್ರೇಮಿನಲ್ಲಿ, ಬಹಳ ಮುದ್ದಾಗಿ ಬರತ್ತೆ. ಹೂಂ ಅನ್ನಲು ನಾಲಿಗೆ ತಾನೇ ತಾನಾಗಿ ಎದ್ದಿತು, ಹುಟ್ಟಿದಾಗಿನಿಂದ ಎದ್ದು ಎದ್ದು ಅಭ್ಯಾಸ, ಹಲ್ಲು ಕಚ್ಚಿ ಕೂರಿಸಿದೆ.

ಯೂ ಸಾರಿಂತೆನ್ ಅವರ ಹೆಮ್ಮೆಯ ಮಗಳು ಅಂತ ನಿರೂಪಕ ಕೂಗುತ್ತಾನೆ, ಯೂ, ಅಕ್ಕಾ, ಬೀದಿಯಲ್ಲಿ ಜಾಮೂ ಬೇಕಾದವರೆಲ್ಲ ನನ್ನ ತಾಯಿಯನ್ನು ಕೂಗುತ್ತಿದ್ದ ಹಾಗೆ, ಚಪ್ಪಾಳೆ, ಡಬ್ಬಿಯನ್ನು ಕುರ್ಚಿಯ ಮೇಲಿಟ್ಟು ಎದ್ದೆ, ಮೆಟ್ಟಿಲು ಹಲಗೆಯದು, ಅಲ್ಲಾಡುತ್ತದೆ, ಪ್ರೊಫೆಸರ್ ಬಾಟಿಕ್ ಅಂಗಿಯಲ್ಲಿ ಕೈ ಚಾಚಿ ಹತ್ತಿಸಿಕೊಂಡರು, ಅದೇ ಕೈ, ಕೈಗವಸು ಇಲ್ಲದೆ ಎಷ್ಟು ಮೆತ್ತಗಿದೆ. ಮೊದಲು ನಾನು ಸಿಂಬೊಕ್ ಹಿಂದೆ ಹೋಗಿ ಬಟ್ಟೆಯ ಗಂಟು ಬಿಚ್ಚಿದೆ, ಬುಟ್ಟಿ ಇಳಿಸಿದೆ, ಫೋಟೋದವನು ಅಯ್ಯೋ ಅಂದ, ಇರಲಿ, ಭುಜ ಎರಡೂ ಸಮವಾಯಿತು, ಅವಳು ನನ್ನ ಕಡೆ ನೋಡದೆ ಉಸಿರುಬಿಟ್ಟಳು. ಮೈಕು ಬೆಚ್ಚಗಿದೆ, ಇದಕ್ಕೂ ಮೊದಲು ಮಾತಾಡಿದವರ ಉಸಿರು. ಎಲೆಯಲ್ಲಿ ಏನೋ ಇದೆ, ಅಂದೆ, ನನ್ನ ದನಿ ಶಾಮಿಯಾನದ ಬಟ್ಟೆಗೆ ಬಡಿದು ನನಗೇ ವಾಪಸ್ ಬಂತು, ಏನೋ ಇದೆ, ಎಷ್ಟಿದೆ ಅಂತ ನಮಗಿನ್ನೂ ಗೊತ್ತಿಲ್ಲ, ಪ್ರೊಫೆಸರ್ ನಗುತ್ತಿದ್ದಾರೆ, ಇನ್ನೂ ವಿನಯದ ಪೀಠಿಕೆ ಅಂದುಕೊಂಡಿದ್ದಾರೆ, ಮೇಲ್ಕೇರಿಯವರದು ಇಳಿಯಿತು ನಿಜ, ಕೆಳಕೇರಿಯವರದೂ ಅಷ್ಟೇ ಇಳಿಯಿತು, ಅವರು ಕುಡಿದದ್ದು ಕಷಾಯ ಅಲ್ಲ, ಬೆಲ್ಲದ ನೀರು, ನಾವು ಮೊದಲು ರಕ್ತ ತೆಗೆದದ್ದು ಲೆಬರಾನ್ ವಾರದಲ್ಲಿ, ಇಳಿದದ್ದು ನಿಮ್ಮ ಕೋಳಿ ಸಾರು, ಯಾರೋ ನಕ್ಕರು, ನಗು ಅರ್ಧಕ್ಕೆ ನಿಂತಿತು, ಕೆಳಕೇರಿಯವರ ರಕ್ತ ಅದನ್ನು ತೋರಿಸಿತು ಅಂತ ಅದನ್ನು — ಮೈಕು ಸತ್ತಿತು. ಎಡ್ವಿನ್ ತಂತಿಯ ಹತ್ತಿರ ನಿಂತಿದ್ದಾನೆ. ಸಿಂಕಿಗೆ ಸುರಿದರು, ಅಂದೆ, ಮೈಕಿಲ್ಲದೆಯೇ ಅಂದೆ, ಹಗ್ಗದಾಚೆಯವರಿಗೂ ಕೇಳುವ ಹಾಗೆ. ಪ್ರೊಫೆಸರ್ ನನ್ನ ಮೊಣಕೈ ಹಿಡಿದರು, ನಗು ಹಾಗೇ ಇದೆ, ನಗುವಿನ ಸಂದಿಯಿಂದ, ವೆನಿಂಗ್, ಮೈಕು ಸರಿ ಮಾಡ್ತಾರೆ, ಎಲೆ ಸಾಕು ಅನ್ನು, ಎರಡೇ ಪದ, ಅಂದು ಇಳಿದುಬಿಡು, ಮಿಕ್ಕಿದ್ದು ನಾನು ನೋಡ್ಕೋತೀನಿ, ನಿನ್ನ ಕೆಲಸವೂ ಉಳಿಯತ್ತೆ, ನಿಮ್ಮಮ್ಮನ ಮರ್ಯಾದೆನೂ ಉಳಿಯತ್ತೆ. ಮೈಕು ಮತ್ತೆ ಕೀಂಯ್ ಅಂದು ಜೀವ ಬಂತು. ಹೇಳಲ್ಲ ಪ್ರೊಫ್, ಅಂದೆ, ಅದು ಮೈಕಿನಲ್ಲಿ ಹೋಯಿತು, ಊರಿಗೆಲ್ಲ ಹೋಯಿತು, ಹೇಳಲ್ಲ, ಮಾತ್ರೆ ಬಿಡಿ ಅಂತ ನಾನು ಹೇಳಲ್ಲ. ಸಿಂಬೊಕ್ ಈಗ ನನ್ನನ್ನು ನೋಡಿದಳು, ಹಾಗಾದ್ರೆ ನನ್ನ ಜಾಮೂ ಸುಳ್ಳೇನೇ, ಮೆತ್ತಗೆ ಕೇಳಿದಳು, ಇಷ್ಟು ಜನರ ಮುಂದೆ ಅವಳು ಕೇಳಿದ ಒಂದೇ ಪ್ರಶ್ನೆ, ನನಗೆ ಹೂಂ ಅನ್ನಲೂ ಇಲ್ಲ ಅನ್ನಲೂ ಬರುವುದಿಲ್ಲ, ಗೊತ್ತಿಲ್ಲ ಸಿಂಬೊಕ್, ಯಾರೂ ಇನ್ನೂ ಅದನ್ನ ಸರಿಯಾಗಿ ಕೇಳೇ ಇಲ್ಲ, ನಾನು ಕೇಳ್ತೀನಿ, ಹಬ್ಬ ಇಲ್ಲದ ತಿಂಗಳಲ್ಲಿ, ಎರಡೂ ಕೇರೀಲಿ, ಇವರು ಕೋಟು ಕಿತ್ಕೊಂಡ್ರೂ ಕೇಳ್ತೀನಿ, ಅಲ್ಲೀತನಕ ಮಾತ್ರೆ ನುಂಗು. ಅವಳ ಮುಖದಲ್ಲಿ ಏನಿದೆ, ಸಿಟ್ಟೇ, ನಾಚಿಕೆಯೇ, ನನಗೆ ಓದಲು ಆಗುತ್ತಿಲ್ಲ, ನಿರೂಪಕ ಬೆವರು ಒರೆಸಿಕೊಂಡು ಡೋಲಿನವರಿಗೆ ಸನ್ನೆ ಮಾಡುತ್ತಾನೆ, ಡೋಲು ಶುರುವಾಗಿದೆ, ಎಡ್ವಿನ್ ಮೊರವನ್ನು ಎತ್ತಿ ಅವಳ ಕೈಯ ಕೆಳಗೇ ಹಿಡಿದಿದ್ದಾನೆ, ಹಾಕಿ ಇಬು, ಹಾಕಿಬಿಡಿ ತಾಯಿ, ಕ್ಯಾಮೆರಾ ಇದೆ, ಮುಖ್ಯಸ್ಥ ಹಾಕವ್ವ ಹಾಕು ಅನ್ನುತ್ತಾನೆ, ಪ್ರೊಫೆಸರ್ ಮೆತ್ತಗೆ, ಹಾಕಿ ಇಬು, ಅವಳ ಬಲಗೈ ಮೊರದ ಮೇಲಿದೆ, ಮುಷ್ಟಿ, ಬೆರಳ ಸಂದಿಯಲ್ಲಿ ಬೆಳ್ಳಿ ಕಾಗದದ ಅಂಚು, ಬುಟ್ಟಿಯ ಗಂಟು ಬಿಗಿದು ಬಿಗಿದು ದಪ್ಪಗಾದ ಗೆಣ್ಣುಗಳು, ಹಾಕಿ ಅನ್ನುತ್ತಾರೆ, ಗೆಣ್ಣು ಬೆಳ್ಳಗಾಗುತ್ತಿದೆ, ಹಾಕಿ, ಮುಷ್ಟಿ, ಮೊರದ ಮೇಲೆ ಮುಷ್ಟಿ, ಬಿಚ್ಚುತ್ತಿಲ್ಲ